ಹದಿನೇಳನೇ ಮೇಜಿನ ಲೈನು

ಮಾರ್ಚ್ 4, ಸೋಮವಾರ

ಆಫೀಸಿನಲ್ಲಿ ನನಗೊಂದು ಅಡ್ಡಹೆಸರಿದೆ ಎಂದು ಇವತ್ತು ಬೆಳಿಗ್ಗೆ ಗೊತ್ತಾಯಿತು. ನಲ್ಲಿ. ಮೇಲಿನ ಮಹಡಿಯವರೆಲ್ಲ ಬೆನ್ನ ಹಿಂದೆ ನನ್ನನ್ನು ಹಾಗೇ ಕರೆಯುವುದಂತೆ. ಹೇಳಿದವಳು ನನ್ನ ಹೆಂಡತಿ. ಅವಳೂ ಅದೇ ಮಹಡಿಯಲ್ಲಿ ಕೂತು ನಕ್ಷೆ ತಿದ್ದುತ್ತಾಳೆ. "ಯಾರು ಇಟ್ಟಿದ್ದು ಈ ಹೆಸರು?" ಎಂದರೆ, "ನಾನೇ ರೀ, ಇನ್ಯಾರು ಇಡ್ತಾರೆ" ಎಂದಳು. ಅತ್ತೆ ನಕ್ಕು ನಕ್ಕು ಕೆಮ್ಮು ಬರಿಸಿಕೊಂಡರು. ಅಮ್ಮ ಮಗಳು ಒಂದಾದರೆ ಆ ಮನೆಯಲ್ಲಿ ಅಳಿಯನ ಬೇಳೆ ಬೇಯುವುದಿಲ್ಲ.

ಹೆಸರೇನೋ ಸರಿಯಾಗಿಯೇ ಇದೆ. ನಮ್ಮ ಆಫೀಸಿಗೆ ಬರುವುದು ಒಂದೇ ಇಂಟರ್ನೆಟ್ ಲೈನು, ಕೂತವರು ಅರವತ್ತು ಜನ. ದೂರದ ಸರ್ವರಿನಿಂದ ನಕ್ಷೆಯ ಹಾಳೆ ಇಳಿಸಿಕೊಂಡು, ಗೆರೆ ತಿದ್ದಿ, ವಾಪಸು ಕಳಿಸುವ ಕೆಲಸ. ಒಂದೊಂದು ಹಾಳೆಯೂ ಆನೆ ಭಾರ. ನಾನು ಬರುವ ಮೊದಲು ಮೂಲೆಯಲ್ಲಿ ಒಬ್ಬ ಸಿನಿಮಾ ಹಾಕಿಕೊಂಡರೆ ಉಳಿದವರು ಕೈಕಟ್ಟಿ ಕೂರಬೇಕಿತ್ತು. ನಾನು ಒಂದು ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಎರಡು ನೆಟ್‌ವರ್ಕ್ ಕಾರ್ಡ್ ಸಿಕ್ಕಿಸಿ, ಹೊರಗಿನ ಲೈನಿಗೂ ಆಫೀಸಿಗೂ ನಡುವೆ ಫೈರ್‌ವಾಲ್ ಮಾಡಿ ಕೂರಿಸಿದೆ. ಈಗ ಏನೇ ಬಂದರೂ ಹೋದರೂ ಅದನ್ನು ದಾಟಿಯೇ ಆಗಬೇಕು. ಪ್ರತಿ ಮೇಜಿಗೂ ಒಂದು ಪಾಲು ಇಟ್ಟಿದ್ದೇನೆ. ಪಕ್ಕದವನು ಸುಮ್ಮನಿದ್ದರೆ ಅವನ ಪಾಲನ್ನು ಕೈಗಡ ತೆಗೆದುಕೊಳ್ಳಬಹುದು, ಅವನು ಕೇಳಿದ ತಕ್ಷಣ ಬಿಟ್ಟುಕೊಡಬೇಕು. ಅಣ್ಣತಮ್ಮಂದಿರ ನಡುವೆಯೂ ಇಷ್ಟು ನ್ಯಾಯ ಇರುವುದಿಲ್ಲ.

ಇದರಲ್ಲಿ ಒಂದು ತಮಾಷೆ ಇದೆ. ಹೊರಗಿನಿಂದ ಬರುವುದನ್ನು ತಡೆಯಲು ನಮ್ಮ ಕೈಯಲ್ಲಿ ಆಗುವುದಿಲ್ಲ. ಬಂದದ್ದನ್ನು ಮುಂದಿನವರಿಗೆ ದಾಟಿಸುವಾಗ ಮಾತ್ರ ನಿಧಾನ ಮಾಡಬಹುದು. ಇದನ್ನು ಮೇಲಿನವರಿಗೆ ವಿವರಿಸಿದರೆ ಆಕಳಿಸುತ್ತಾರೆ, ಅದಕ್ಕೇ ಈ ಡೈರಿ. ಮನೆಯಲ್ಲಿ ಬರೆದರೆ ಅತ್ತೆ ಹೆಗಲ ಮೇಲಿಂದ ಇಣುಕುತ್ತಾರೆ. ಇಲ್ಲೇ ಕೆಳಗಿನ ನನ್ನ ಕೋಣೆಯಲ್ಲಿ, ಊಟದ ಹೊತ್ತಿನಲ್ಲಿ ಬರೆದು ಬ್ಯಾಗಿಗೆ ಹಾಕಿಕೊಳ್ಳುವುದು. ಕೋಣೆಗೆ ಕಿಟಕಿಯಿಲ್ಲ. ಎದುರಿಗೆ ಕಟ್ಟಡದ ಹಿಂಬಾಗಿಲು, ಅದಕ್ಕೆ ನನ್ನ ಮುಷ್ಟಿಯಷ್ಟು ದಪ್ಪದ ಬೀಗ.

ಮಾರ್ಚ್ 7, ಗುರುವಾರ

ಟೀಚರ್ ಕೆಳಗೆ ಬಂದಿದ್ದರು. ಅವರು ಈಗ ಟೀಚರ್ ಅಲ್ಲ. ಹಿಂದೆ ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದರು, ಶಾಲೆ ಮುಚ್ಚಿದ ಮೇಲೆ ಇಲ್ಲಿ ಹದಿನೇಳನೇ ಮೇಜಿಗೆ ಬಂದರು. ವಯಸ್ಸು ಐವತ್ತು ದಾಟಿದೆ. ನನ್ನ ಹೆಂಡತಿಯ ಪಕ್ಕದಲ್ಲೇ ಕೂರುತ್ತಾರೆ, ಇಬ್ಬರೂ ಒಂದೇ ಡಬ್ಬಿಯಿಂದ ಉಣ್ಣುವಷ್ಟು ಸಲಿಗೆ. ಯಾರಾದರೂ ನದಿಯ ಗೆರೆಯನ್ನು ಗುಡ್ಡದ ಮೇಲೆ ಹತ್ತಿಸಿದ್ದು ಕಂಡರೆ "ನೀರಿಗೆ ಕಾಲು ಬಂತೇನ್ರೋ?" ಎಂದು ಇಡೀ ಮಹಡಿಗೆ ಕೇಳುವಂತೆ ಗದರುತ್ತಾರೆ. ಗದರಿಸಿಕೊಂಡವನೂ ನಗುತ್ತಾನೆ. ಮಹಡಿಯಲ್ಲಿ ಕೈ ಚುರುಕು ಎಂದರೆ ಮೊದಲು ನನ್ನವಳದು, ಅವಳ ಹಿಂದೆಯೇ ಟೀಚರದು.

ಬಂದದ್ದು ನನ್ನನ್ನು ನೋಡಲಿಕ್ಕಲ್ಲ, ಬಾಗಿಲನ್ನು. ಬೀಗ ಹಿಡಿದು ಎರಡು ಸಲ ಅಲ್ಲಾಡಿಸಿದರು.

"ಇದರ ಕೀಲಿ ಯಾರ ಹತ್ರ ಇದೆಯಪ್ಪ?"

"ಮ್ಯಾನೇಜರ್ ಹತ್ರ. ಜನ ಸಿಗರೇಟು ಸೇದೋಕೆ ಎದ್ದು ಹೋಗ್ತಾರೆ ಅಂತ ಹಾಕ್ಸಿದಾರೆ."

"ಮುಂದಿನ ಮೆಟ್ಟಿಲಿಗೆ ಬೆಂಕಿ ಬಿದ್ರೆ ಅಷ್ಟೂ ಜನ ಎಲ್ಲಿಂದ ಇಳೀಬೇಕು? ಮೊದ್ಲು ಬೇಯೋನು ನೀನೇ, ಈ ಗೂಡಲ್ಲಿ ಕೂತ್ಕೊಂಡು."

ಹೆಡ್ ಆಫೀಸಿಗೆ ಬರೆದ ಅರ್ಜಿ ತೋರಿಸಿದರು. ಮೊದಲನೇ ಸಹಿ ಅವರದು, ಎರಡನೆಯದು ನನ್ನ ಹೆಂಡತಿಯದು. "ಮೂರನೇದು ನೀನು ಹಾಕ್ತೀಯಾ?" ಎಂದರು. ನಾಳೆ ಹಾಕುತ್ತೇನೆ ಎಂದೆ. ಅವರಿಗೆ ನಾಳೆ ಎಂದರೆ ಆಗುವುದಿಲ್ಲ, ಇವತ್ತೇ ಕಳಿಸಿಬಿಟ್ಟರು.

ಮಾರ್ಚ್ 12, ಮಂಗಳವಾರ

ಮ್ಯಾನೇಜರ್ ಕರೆಸಿದರು. ಈ ಮನುಷ್ಯ ಯಾರ ಮೇಲೂ ದನಿ ಏರಿಸಿದ್ದನ್ನು ನಾನು ಕಂಡಿಲ್ಲ. ಕುರ್ಚಿ ತೋರಿಸಿದರು, ಟೀ ತರಿಸಿದರು, ಸಕ್ಕರೆ ಸಾಕಾ ಎಂದು ಕೇಳಿದರು. ಆಮೇಲೆ ಹೇಳಿದರು.

"ಹದಿನೇಳನೇ ಮೇಜಿನ ಲೈನ್ ಇದೆಯಲ್ಲ, ಅದನ್ನ ಸ್ವಲ್ಪ ಬಿಗಿ ಮಾಡ್ಬೇಕಿತ್ತು."

"ಯಾಕೆ ಸಾರ್? ಅವರೇನಾದ್ರೂ..."

"ಏನೂ ಇಲ್ಲ. ತುಂಬಾ ಚುರುಕು ಅವರು. ದಿನದ ಹಾಳೆ ಬೇಗ ಮುಗಿಸಿ, ಮಿಕ್ಕ ಹೊತ್ತು ಊರ ಉಸಾಬರಿ. ಕೆಲಸ ಹಿಂದೆ ಬಿದ್ರೆ ತಾವೇ ಸುಮ್ಮನಾಗ್ತಾರೆ. ಕಡೀಬೇಡಿ ಮತ್ತೆ. ಕಡಿದ್ರೆ ಗಲಾಟೆ. ನಿಧಾನ, ಅಷ್ಟೆ."

"ಅದು ಚೆನ್ನಾಗಿರಲ್ಲ ಸಾರ್" ಎಂದೆ. ಇಷ್ಟಾದರೂ ಅಂದೆ, ಅದು ದಾಖಲಾಗಲಿ.

ಅವರು ಮೇಜಿನ ಮೇಲಿದ್ದ ಅರ್ಜಿಯನ್ನು ನನ್ನ ಕಡೆ ತಿರುಗಿಸಿದರು. ಹೆಡ್ ಆಫೀಸಿಗೆ ಹೋದದ್ದು ಅಲ್ಲಿಂದ ನೆಟ್ಟಗೆ ಇವರ ಮೇಜಿಗೇ ವಾಪಸಾಗಿದೆ. "ಇದು ನಿಮ್ಮ ಮನೆಯವರದ್ದೇ ಸಹಿ ಅಲ್ವಾ? ಅಕ್ಷರ ಮುದ್ದಾಗಿದೆ. ಎರಡು ಹೆಸರಿದೆ ಇದರಲ್ಲಿ. ಒಂದನ್ನಾದ್ರೂ ನಾನು ವಿಚಾರಿಸ್ಲೇಬೇಕು. ಯಾವುದನ್ನ ವಿಚಾರಿಸ್ಲಿ ಅಂತ ನೀವೇ ಹೇಳಿ."

ಅತ್ತ ದರಿ, ಇತ್ತ ಪುಲಿ. ಶಾಲೆಯಲ್ಲಿ ಈ ಗಾದೆಯನ್ನು ವಿಸ್ತರಿಸಿ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಅರ್ಥವಾದದ್ದು ಇವತ್ತು. ಟೀ ಪೂರ್ತಿ ಕುಡಿದು ಎದ್ದು ಬಂದೆ. ಪುಣ್ಯಕ್ಕೆ ಮೂರನೇ ಸಹಿ ನಾನು ಹಾಕಿರಲಿಲ್ಲ.

ಮಾರ್ಚ್ 15, ಶುಕ್ರವಾರ

ಮೂರು ದಿನ ಮುಂದೂಡಿದೆ. ಇವತ್ತು ಮ್ಯಾನೇಜರ್ ಫೋನ್ ಮಾಡಿ "ಮನೆಯವರು ಹುಷಾರಾ?" ಎಂದು ಮಾತ್ರ ಕೇಳಿದರು.

ಮಾಡಿದೆ. ಒಂದೇ ಸಾಲಿನ ಕಮಾಂಡ್. ಪ್ರತಿ ಮೇಜಿನ ಮೆಷಿನ್ನಿಗೂ ನಾನೇ ಕೊಟ್ಟ ಕಾಯಂ ವಿಳಾಸವಿದೆ. ಹದಿನೇಳರ ವಿಳಾಸಕ್ಕೆ ಬೇರೆ ಸಣ್ಣ ಪಾಲು, ಕೈಗಡವೂ ಇಲ್ಲ. ಎಂಟರ್ ಒತ್ತಿದರೆ ಏನೂ ಸದ್ದಾಗಲಿಲ್ಲ. ಏನಾದರೂ ಸದ್ದಾಗುತ್ತದೆ ಎಂದು ನಾನು ಯಾಕೆ ಅಂದುಕೊಂಡಿದ್ದೆನೋ.

ಒಂದು ವಾರದ ಮಾತು. ಮ್ಯಾನೇಜರಿಗೂ ಮರೆತು ಹೋಗುತ್ತದೆ.

ಮಾರ್ಚ್ 21, ಗುರುವಾರ

ಟೀಚರ್ ಬಂದರು, ಕೈಯಲ್ಲಿ ಫೋನು. ತಮ್ಮ ಮೆಷಿನ್ನಿನಲ್ಲಿ ಲೈನಿನ ವೇಗ ಅಳೆದು, ಪಕ್ಕದ ಮೇಜಿನದೂ ಅಳೆದು, ಎರಡರದೂ ಫೋಟೋ ತೆಗೆದು ತಂದಿದ್ದಾರೆ. ಭೂಗೋಳದವರಲ್ಲವೇ, ಅಳತೆಯಿಲ್ಲದೆ ಮಾತಾಡುವುದಿಲ್ಲ. "ನೋಡಪ್ಪ, ನನ್ನದು ಎಲ್ಲಿ, ನಿನ್ನ ಹೆಂಡ್ತೀದು ಎಲ್ಲಿ. ಅಜಗಜಾಂತರ ಇದೆ. ಏನಾಗಿದೆ ನೋಡ್ತೀಯಾ?"

ನೋಡುತ್ತೇನೆ ಎಂದೆ.

ಅವರು ಹೋದ ಮೇಲೆ ಮನಸ್ಸಿಗೆ ಬಂದದ್ದು ಒಂದೇ ಮಾತು: ಎಂಥ ಒರಟು ಕೆಲಸ ಮಾಡಿದ್ದೆ ನಾನು. ಇಡೀ ಲೈನನ್ನು ಹಿಚುಕಿದರೆ ಯಾರಿಗೆ ಗೊತ್ತಾಗುವುದಿಲ್ಲ? ಬಿಚ್ಚಿ ಹೊಸದಾಗಿ ಬರೆದೆ. ಈಗ ನಕ್ಷೆಯ ಸರ್ವರಿನಿಂದ ಹದಿನೇಳಕ್ಕೆ ಬರುವುದಕ್ಕೆ ಮಾತ್ರ ಗುರುತು ಹಾಕಿ, ಅದಷ್ಟನ್ನೇ ಬೇರೆ ದಾರಿಗೆ ತಿರುಗಿಸಿದ್ದೇನೆ. ಅಲ್ಲಿ ಒಂದೊಂದು ತುಣುಕನ್ನೂ ಅರೆಕ್ಷಣ ತಡೆದು ಬಿಡುತ್ತದೆ, ಆಗೊಂದು ಈಗೊಂದು ಬೀಳಿಸುತ್ತದೆ. ಬಿದ್ದದ್ದು ಮತ್ತೆ ಬರಬೇಕು. ವೇಗ ಅಳೆದರೆ ಎಲ್ಲ ಸರಿ. ಬೇರೆ ಯಾವ ಪುಟ ತೆರೆದರೂ ಸರಿ. ಹಾಳೆ ಮಾತ್ರ ಕುಂಟುತ್ತಾ ಬರುತ್ತದೆ. ನನ್ನ ಜೊತೆ ಓದಿದವರು ಯಾರಾದರೂ ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು, ಅಷ್ಟು ಕುಸುರಿಯ ಕೆಲಸ.

ಸಂಜೆ ಅವರೇ ಫೋನ್ ಮಾಡಿ "ಈಗ ಅಳತೆ ಸರಿ ಬರ್ತಿದೆ, ನಿನಗೆ ಪುಣ್ಯ ಬರ್ಲಿ" ಎಂದರು.

ಏಪ್ರಿಲ್ 2, ಮಂಗಳವಾರ

ಮೇಲೆ ಹೋಗಬೇಕಾಯಿತು. ಅಳತೆ ಸರಿ ಇದ್ದರೂ ಹಾಳೆ ಬರುವುದಿಲ್ಲ ಎಂದು ಹದಿನೇಳರಿಂದ ನಾಲ್ಕು ಸಲ ಫೋನು. ಮಹಡಿಯವರ ಎದುರು ಏನಾದರೂ ಮಾಡಿದಂತೆ ಕಾಣಬೇಕಲ್ಲ. ಹೊಸ ವೈರು ತೆಗೆದುಕೊಂಡು ಹೋಗಿ ಮೇಜಿನ ಕೆಳಗೆ ನುಗ್ಗಿದೆ.

ಟೀಚರ್ ಎದ್ದು ಕುರ್ಚಿ ಸರಿಸಿ, "ತಲೆ ಹುಷಾರಪ್ಪ, ಮೊಳೆ ಇದೆ ಅಲ್ಲಿ" ಎಂದರು. ಹಳೇ ವೈರಿಗೆ ಏನೂ ಆಗಿರಲಿಲ್ಲ. ತೆಗೆದು ಹೊಸದು ಹಾಕಿದೆ. ಕೆಳಗಿನಿಂದ ಅವರ ಪಾದ ಕಾಣುತ್ತಿತ್ತು. ಚಪ್ಪಲಿ ಬಿಟ್ಟು, ಒಂದು ಹಿಮ್ಮಡಿಯನ್ನು ನೆಲಕ್ಕೆ ತಟ್ಟುತ್ತಲೇ ಇದ್ದರು, ಬಸ್ಸಿಗೆ ಕಾಯುವವರ ಹಾಗೆ. ಹೊರಗೆ ಬಂದು ಪರದೆ ನೋಡಿದೆ. ಅರ್ಧ ಬೆಟ್ಟ ಬಂದಿದೆ, ಅದರ ಕೆಳಗೆ ಚಕ್ರ ತಿರುಗುತ್ತಿದೆ, 'ದಯವಿಟ್ಟು ಕಾಯಿರಿ.' ಪಕ್ಕದ ಮೇಜಿನಿಂದ ನನ್ನ ಹೆಂಡತಿ "ಆಯ್ತೇನ್ರೀ?" ಎಂದಳು. ಆಯಿತು ಎಂದೆ.

ಟೀಚರ್ ನನ್ನ ಅಂಗಿಯ ಮೇಲಿನ ಧೂಳು ಕೊಡವಿ, ತಮಗೆ ಬಂದಿದ್ದ ಟೀಯನ್ನು ನನ್ನ ಕೈಗಿಟ್ಟರು. ಕುಡಿಯಲು ಆಗಲಿಲ್ಲ, ತುಂಬಾ ಬಿಸಿ ಇತ್ತು.

ಇನ್ನು ಮೇಲೆ ಮೇಲಿನ ಕೆಲಸವನ್ನೆಲ್ಲ ಫೋನಿನಲ್ಲೇ ಮುಗಿಸುವುದು. ಮೆಟ್ಟಿಲು ಹತ್ತಿ ಇಳಿದು ಮಂಡಿ ನೋವು.

ಏಪ್ರಿಲ್ 9, ಮಂಗಳವಾರ

ನಿನ್ನೆ ಊಟಕ್ಕೆ ಕೂತಾಗ ಇವಳು ಶುರು ಮಾಡಿದಳು. "ಟೀಚರ್ ಇಡೀ ದಿನ ತಲೆ ಎತ್ತಲ್ಲ ರೀ. ಊಟಕ್ಕೂ ಏಳಲ್ಲ. ಮೊದಲನೇ ನೋಟಿಸು ಕೊಟ್ಟಿದಾರೆ, ಹಾಳೆ ಕಮ್ಮಿ ಅಂತ. ನೀವು ಇನ್ನೊಂದ್ಸಲ..."

"ಲೈನ್ ಸರಿಯಾಗಿದೆ. ಎಷ್ಟು ಸಲ ಹೇಳ್ಬೇಕು? ಆಫೀಸನ್ನ ತಟ್ಟೆಗೆ ತರಬೇಡ."

ಇಷ್ಟು ಗಟ್ಟಿಯಾಗಿ ಹೇಳಬೇಕಿರಲಿಲ್ಲ. ಇವಳು ಅನ್ನ ಕಲಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಅತ್ತೆ ಮಜ್ಜಿಗೆ ಬಡಿಸುತ್ತಾ "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ" ಎಂದರು. ಅವರು ಅದನ್ನು ಹೇಳಿದ್ದು ಡಬ್ಬಿಯಲ್ಲಿದ್ದ ಸಿಹಿ ಯಾರೋ ಖಾಲಿ ಮಾಡಿದ್ದಕ್ಕಂತೆ. ನನಗೆ ಉಣ್ಣಲು ಮನಸ್ಸಾಗಲಿಲ್ಲ.

ಇವತ್ತು ಹದಿನೇಳರಿಂದ ಮತ್ತೆ ಫೋನು. ಮುಗಿಸುವುದಕ್ಕೆಂದು "ಲೈನು, ವೈರು, ಮೆಷಿನ್ನು, ಎಲ್ಲ ನೋಡಿದೀನಿ ಟೀಚರ್. ಒಂದ್ಸಲ ಕಣ್ಣು ತೋರಿಸ್ಕೊಳ್ಳಿ" ಎಂದೆ. ಅತ್ತಕಡೆಯಿಂದ "ಹೌದೇನೋ ಅಲ್ವಾ" ಎಂದರು. ಬಾಯಿಗೆ ಬಂದದ್ದು ಅಂದೆ, ಅವರು ಅದನ್ನೇ ಹಿಡಿದುಕೊಂಡರೆ ನಾನೇನು ಮಾಡಲಿ.

ಏಪ್ರಿಲ್ 18, ಗುರುವಾರ

ಹದಿನೇಳು ಅರ್ಜಿ ವಾಪಸು ತೆಗೆದುಕೊಂಡಿತು.

ಮ್ಯಾನೇಜರೇ ಕರೆದು ಹೇಳಿದರು, ಟೀ ಜೊತೆಗೆ ಬಿಸ್ಕತ್ತೂ ಇತ್ತು. ಅವರ ಕೋಣೆಗೆ ಬಂದು ನಿಂತುಕೊಂಡೇ "ನನ್ನ ಕೆಲಸವೇ ನೆಟ್ಟಗಿಲ್ಲ, ಬಾಗಿಲಿನ ಮಾತು ನಾನು ಯಾವ ಬಾಯಲ್ಲಿ ಆಡ್ಲಿ" ಎಂದರಂತೆ. ಮ್ಯಾನೇಜರ್ ಆ ದನಿಯನ್ನು ಸ್ವಲ್ಪ ಅನುಕರಿಸಿಯೂ ತೋರಿಸಿದರು. ನಾನು ನಕ್ಕೆ. ಯಾಕೆ ನಕ್ಕೆನೋ ಗೊತ್ತಿಲ್ಲ, ಎದುರಿಗಿದ್ದವರು ನಕ್ಕಾಗ ಮುಖ ತಾನೇ ಹಾಗಾಗುತ್ತದೆ.

"ಹಾಗಾದ್ರೆ ತೆಗೆದುಬಿಡ್ಲಾ ಸಾರ್?" ಎಂದೆ. ಈ ಮಾತಿಗಾಗಿಯೇ ಒಂದು ತಿಂಗಳಿನಿಂದ ಕಾದಿದ್ದೆ.

"ಅವಸರ ಏನು? ತಿಂಗಳ ಕೊನೆ ಲೆಕ್ಕ ಆಗ್ಲಿ. ಸುಮ್ಮನಾದವರು ಮತ್ತೆ ಬಾಯಿ ತೆಗೆಯೋಕೆ ಎಷ್ಟು ಹೊತ್ತು ಬೇಕು. ಎರಡನೇ ನೋಟಿಸು ಕೊಟ್ರೆ ಆಮೇಲೆ ಕಾಟ ಇರಲ್ಲ."

ಉಗುಳಿದರೆ ಕೆಲಸ ಹೋಗುತ್ತದೆ, ನುಂಗಿದರೆ ಗಂಟಲು ಸುಡುತ್ತದೆ. ಬಿಸಿ ತುಪ್ಪ. ಕೋಣೆಗೆ ಬಂದು ಕೂತೆ. ಎದುರಿಗೆ ಆ ಬೀಗ. ಇಲ್ಲಿಗೆ ಗಾಳಿ ಬರುವ ದಾರಿ ಎಲ್ಲೂ ಇಲ್ಲ ಎನ್ನುವುದು ಇಷ್ಟು ವರ್ಷ ನನ್ನ ಗಮನಕ್ಕೇ ಬಂದಿರಲಿಲ್ಲ.

ಏಪ್ರಿಲ್ 22, ಸೋಮವಾರ

ಮನೆಯಲ್ಲಿ ಇವಳು ಮಾತು ಕಡಿಮೆ ಮಾಡಿದ್ದಾಳೆ. ಒಳ್ಳೆಯದೇ ಆಯಿತು, ತಲೆನೋವು ಕಡಿಮೆ.

ಏಪ್ರಿಲ್ 24, ಬುಧವಾರ

ಮ್ಯಾನೇಜರ್: "ಕೊನೇ ವಾರ. ಇನ್ನೊಂದು ಸುತ್ತು ಬಿಗಿ ಮಾಡಿ."

ಹದಿನೇಳನ್ನು ಇನ್ನೊಂದು ಸುತ್ತು ಬಿಗಿ ಮಾಡಿದೆ.

ಏಪ್ರಿಲ್ 26, ಶುಕ್ರವಾರ

ಇವತ್ತು ಬರೆಯಲು ಕೈ ಓಡುತ್ತಿಲ್ಲ, ಆದರೂ ಬರೆಯುತ್ತೇನೆ.

ಊಟದ ಹೊತ್ತಿನಲ್ಲಿ ಮೇಲಿನ ಪ್ರಿಂಟರು ಕೆಟ್ಟಿತು. ಪ್ರಿಂಟರನ್ನು ಫೋನಿನಲ್ಲಿ ಸರಿ ಮಾಡಲು ಆಗುವುದಿಲ್ಲ. ತಿಂಗಳಿಗೆ ಹತ್ತಿರವಾಯಿತು ನಾನು ಆ ಮೇಜುಗಳ ಕಡೆ ಹೋಗಿ. ಎಲ್ಲರೂ ಊಟಕ್ಕೆ ಎದ್ದಿದ್ದರು. ಬಾಗಿಲಲ್ಲಿ ನಿಂತು ನೋಡಿದರೆ ಹದಿನೇಳನೇ ಮೇಜಿನಲ್ಲಿ ಒಬ್ಬರು ಕೂತಿದ್ದಾರೆ. ಟೀಚರ್ ಅಲ್ಲ. ನನ್ನ ಹೆಂಡತಿ.

ಅವಳ ಡಬ್ಬಿ ಮುಚ್ಚಿಯೇ ಇತ್ತು. ಪರದೆಯ ಮೇಲೆ ಬೆಟ್ಟದ ಒಂದು ಚೂರು, ಕೆಳಗೆ ತಿರುಗುವ ಚಕ್ರ. ಅವಳು ಕೈಯನ್ನು ಕೆನ್ನೆಗೆ ಕೊಟ್ಟು ಕೂತಿದ್ದಳು. ಚಪ್ಪಲಿ ಬಿಟ್ಟ ಒಂದು ಹಿಮ್ಮಡಿ ನೆಲಕ್ಕೆ ತಟ್ಟುತ್ತಿತ್ತು.

ತಲೆ ಎತ್ತಿ ನನ್ನನ್ನು ನೋಡಿದಳು. ನಾನೂ ನೋಡಿದೆ. "ಏನು ಮಾಡ್ತಿದೀಯಾ ಇಲ್ಲಿ?" ಎಂದು ಕೇಳಬಹುದಿತ್ತು. ತಿರುಗಿ ಮೆಟ್ಟಿಲಿಳಿದೆ. ಕೋಣೆಗೆ ಹೋಗಿ, ನಿಂತುಕೊಂಡೇ, ಹದಿನೇಳರ ಮೇಲೆ ಇದ್ದದ್ದನ್ನೆಲ್ಲ ಅಳಿಸಿಹಾಕಿದೆ. ಯೋಚನೆ ಮಾಡಲಿಲ್ಲ. ಬಿಸಿ ತಾಕಿದ ಕೈಯನ್ನು ಹಿಂದಕ್ಕೆಳೆದುಕೊಳ್ಳುವಾಗ ಯಾರು ಯೋಚನೆ ಮಾಡುತ್ತಾರೆ.

ಅಷ್ಟೂ ದಿನ ಟೀಚರಿಗಾಗಿ ಬಾರದ ಬೆರಳು ಅದು.

ಏಪ್ರಿಲ್ 27, ಶನಿವಾರ

ನಿನ್ನೆ ಸಂಜೆಯದನ್ನು ಬರೆಯಬೇಕು.

ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಬಂದಳು. ಮನೆ ಮುಟ್ಟಿ ಕೈಕಾಲು ತೊಳೆದು, ಅತ್ತೆ ಪಕ್ಕದ ಮನೆಗೆ ಹೋಗುವವರೆಗೆ ಕಾದಳು. ಆಮೇಲೆ ಎದುರಿಗೆ ಕೂತು ಹೇಳಿದಳು, ಲೆಕ್ಕ ಒಪ್ಪಿಸುವವಳ ಹಾಗೆ.

"ಟೀಚರ್ ಎರಡು ದಿನ ರಜೆ, ಕಣ್ಣಿನ ಡಾಕ್ಟರ ಹತ್ರ ಹೋಗಿದಾರೆ. ಅವರ ಹಾಳೆ ಬಾಕಿ ಬಿದ್ರೆ ಎರಡನೇ ನೋಟಿಸು ಬರುತ್ತೆ ಅಂತ ಊಟದ ಹೊತ್ತಲ್ಲಿ ನಾನು ಕೂತು ಮಾಡಿಕೊಡ್ತಿದ್ದೆ. ನನ್ನ ಕೈಯಲ್ಲೂ ಆಗ್ಲಿಲ್ಲ. ಎರಡು ದಿನಕ್ಕೆ ಎರಡು ಹಾಳೆ. ನನಗೇ ಅಳು ಬಂತು. ನೀವು ಬಾಗಿಲಲ್ಲಿ ಬಂದು ನಿಂತ್ರಿ. ಏನೂ ಕೇಳದೆ ಕೆಳಗೆ ಹೋದ್ರಿ. ಹಾಳೆ ದಬಕ್ಕನೆ ಬಂತು. ಅದರ ಹಿಂದೆ ಇನ್ನೊಂದು, ಇನ್ನೊಂದು."

ನಾನು ನೆಲ ನೋಡುತ್ತಿದ್ದೆ.

"ಟೀಚರ್ ಎಷ್ಟು ಸಲ ಬಂದಿದ್ರು ರೀ ನಿಮ್ಮ ಹತ್ರ?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಟೀ, ಅರ್ಜಿ, ಎರಡು ಹೆಸರು. ನಿನ್ನನ್ನು ಉಳಿಸಿಕೊಳ್ಳಲು ಮಾಡಿದೆ ಎಂದೆ.

"ನನ್ನ ಹೆಸರು ಹೇಳ್ಕೊಂಡು ಮಾಡಿದ್ರಾ?" ಎಂದಳು. "ನನ್ನನ್ನ ಒಂದು ಮಾತು ಕೇಳಿದ್ರಾ? ಸಹಿ ಹಾಕುವಾಗ ನನಗೆ ಗೊತ್ತಿರಲಿಲ್ವಾ, ಏನು ಬರಬಹುದು ಅಂತ? ಆ ಕೆಲಸ ಇದ್ರೆಷ್ಟು ಹೋದ್ರೆಷ್ಟು. ಆ ಹೆಂಗಸು ತನ್ನ ಕಣ್ಣು ಹೋಯ್ತು ಅಂದ್ಕೊಂಡಿದಾರೆ. ಮೊನ್ನೆ ನನ್ನ ಕೈ ಹಿಡ್ಕೊಂಡು, 'ನನಗೆ ವಯಸ್ಸಾಗಿ ಹೋಯ್ತು ಕಣೇ, ನಾನು ಲಾಯಕ್ಕಿಲ್ಲ' ಅಂದ್ರು. ನಾನು ಏನಂದೆ ಗೊತ್ತಾ? ರೆಸ್ಟ್ ತಗೊಳ್ಳಿ ಅಂದೆ. ನಾನೂ ನಂಬಿದ್ದೆ ರೀ."

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. "ನಾನು ಹೇಳಲ್ಲ ಅವರಿಗೆ. ನೀವೇ ಹೇಳ್ಬೇಕು" ಎಂದಳು. ಎದ್ದು ಅಡುಗೆಮನೆಗೆ ಹೋದಳು.

ಆಮೇಲೆ ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದಾಳೆ. ದೀಪ ಆರಿಸಲಾ ಎಂದರೂ, ನೀರು ಇದೆಯಾ ಎಂದರೂ, ಸ್ವಲ್ಪ ಹೊತ್ತು ಬಿಟ್ಟು "ಹ್ಞೂಂ" ಎನ್ನುತ್ತಾಳೆ. ಜಗಳವಿಲ್ಲ. ಮಾತು ಬಿಟ್ಟಿಲ್ಲ. ತಡವಾಗಿ ಬರುತ್ತದೆ, ಅಷ್ಟೆ.

ಏಪ್ರಿಲ್ 29, ಸೋಮವಾರ

ಬೆಳಿಗ್ಗೆ ಬಂದವನೇ ಮ್ಯಾನೇಜರ್ ಕೋಣೆಗೆ ಹೋದೆ. ಕುರ್ಚಿ ತೋರಿಸಿದರು, ಕೂರಲಿಲ್ಲ. "ಹದಿನೇಳರದ್ದು ತೆಗೆದುಬಿಟ್ಟಿದೀನಿ ಸಾರ್. ಮತ್ತೆ ಹಾಕಲ್ಲ. ಯಾವ ಮೇಜಿಗೂ ಹಾಕಲ್ಲ. ಏನು ಬೇಕಾದ್ರೂ ಮಾಡ್ಕೊಳ್ಳಿ."

ಹೇಳಿ ಮುಗಿಸಿದಾಗ ಇಷ್ಟು ಸುಲಭವಿತ್ತೇ ಎನ್ನಿಸಿತು.

ಮ್ಯಾನೇಜರ್ ಸಿಟ್ಟಾಗಲಿಲ್ಲ. ತಮ್ಮ ಫೋನನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. "ಬೇಡ ಬಿಡಿ, ಇನ್ನು ಅಗತ್ಯವೂ ಇಲ್ಲ. ಬೆಳಿಗ್ಗೆ ಅವರೇ ರಾಜೀನಾಮೆ ಕಳಿಸಿದಾರೆ. ವಯಸ್ಸಿನ ಕಾರಣ ಅಂತೆ. ಪಾಪ. ಟೀ ಹೇಳ್ಲಾ?"

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು ನನ್ನ ಧೈರ್ಯ. ನನ್ನನ್ನು ಕೆಲಸದಿಂದ ತೆಗೆಯುವ ತೊಂದರೆಯನ್ನೂ ಅವರು ತೆಗೆದುಕೊಳ್ಳಲಿಲ್ಲ.

ಕೆಳಗೆ ಬರುವಾಗ ಇವಳು ಮೆಟ್ಟಿಲಲ್ಲಿ ಸಿಕ್ಕಳು. ಕೈಯಲ್ಲಿ ಹೊಸದಾಗಿ ಬರೆದ ಅರ್ಜಿ, ಅದೇ ಹಿಂಬಾಗಿಲಿನದು. ಮೊದಲನೇ ಸಹಿ ಅವಳದು. ನನಗೆ ಕೊಡಲಿಲ್ಲ. ನಾನೇ ಕೈ ನೀಡಿ ತೆಗೆದುಕೊಂಡು ಅದರ ಕೆಳಗೆ ಹಾಕಿದೆ.

ಏಪ್ರಿಲ್ 30, ಮಂಗಳವಾರ

ಟೀಚರಿಗೆ ಫೋನ್ ಮಾಡಲು ಹೋಗಿ ಬಿಟ್ಟೆ. ಇದು ಫೋನಿನಲ್ಲಿ ಹೇಳುವ ಮಾತಲ್ಲ. ಇಡೀ ದಿನ ಒಂದೇ ವಾಕ್ಯವನ್ನು ಮನಸ್ಸಿನಲ್ಲಿ ತಿದ್ದಿ ತಿದ್ದಿ ಇಟ್ಟುಕೊಂಡೆ. ಮೊದಲು ಮ್ಯಾನೇಜರ್ ಬರುತ್ತಿದ್ದರು ಅದರಲ್ಲಿ, ಆಮೇಲೆ ಹೆಂಡತಿ ಬರುತ್ತಿದ್ದಳು. ಒಬ್ಬೊಬ್ಬರನ್ನೇ ತೆಗೆದೆ. ಕೊನೆಗೆ ಉಳಿದದ್ದು ಬಹಳ ಚಿಕ್ಕದು.

ಮೇ 2, ಗುರುವಾರ

ಟೀಚರ್ ಮನೆ ಮೂರನೇ ಮಹಡಿಯಲ್ಲಿದೆ. ಇದನ್ನು ಅವರ ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಡೈರಿ ಬ್ಯಾಗಿನಲ್ಲೇ ಇತ್ತು.

ಇಬ್ಬರೂ ಬಂದೆವು. ಇವಳು ಬೆಲ್ ಒತ್ತಿದಳು, ಒತ್ತಿ ನನ್ನ ಹಿಂದೆ ಸರಿದು ನಿಂತಳು. ಬಾಗಿಲು ತೆರೆದ ಟೀಚರ್ ಮೂಗಿನ ಮೇಲೆ ಹೊಸ ಕನ್ನಡಕ. ನಮ್ಮನ್ನು ಕಂಡು ಮುಖ ಅರಳಿತು. "ಬಾರಪ್ಪ ಬಾ, ಇಬ್ಬರೂ ಬಂದಿದೀರಿ! ನಾನೇ ಬಂದು ನಿನಗೆ ಹೇಳಿ ಹೋಗ್ಬೇಕಿತ್ತು. ಎಷ್ಟು ಕಷ್ಟಪಟ್ಟೆ ನನ್ನ ಮೆಷಿನ್ ಹಿಂದೆ."

ಒಳಗೆ ಕಾಲಿಡಲಿಲ್ಲ. ಅಲ್ಲೇ ನಿಂತು ಹೇಳಿದೆ.

"ಟೀಚರ್, ನೀವು ನಿಧಾನ ಆಗಿರ್ಲಿಲ್ಲ. ನಾನು ಮಾಡಿದ್ದು."

ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ನಕ್ಷೆಯ ಸರ್ವರು, ಹದಿನೇಳು, ಬೇರೆ ದಾರಿ. ಹೇಳುತ್ತಾ ಹೋದಂತೆ ಅವರ ಕೈ ಬಾಗಿಲಿನ ಚಿಲಕವನ್ನು ಹಿಡಿದುಕೊಂಡಿತು.

"ವೈರು ಹಾಕೋಕೆ ಬಂದ್ಯಲ್ಲ, ಮೇಜಿನ ಕೆಳಗೆ. ಆವತ್ತೂ ಗೊತ್ತಿತ್ತಾ?"

"ಗೊತ್ತಿತ್ತು."

"ಕಣ್ಣು ತೋರಿಸ್ಕೊಳ್ಳಿ ಅಂದೆಯಲ್ಲ. ಆವತ್ತು?"

"ಗೊತ್ತಿತ್ತು ಟೀಚರ್."

ಅವರು ಕನ್ನಡಕ ತೆಗೆದರು. ಅದನ್ನು ಒಂದು ಸಲ ನೋಡಿ ಮಡಿಸಿ ಮುಷ್ಟಿಯಲ್ಲಿ ಹಿಡಿದುಕೊಂಡರು. "ಡಾಕ್ಟರು ಏನಿಲ್ಲಮ್ಮ, ಚೆನ್ನಾಗಿದೆ ಅಂದ್ರು. ನಾನೇ ಹಟ ಮಾಡಿ ಬರೆಸ್ಕೊಂಡೆ" ಎಂದರು. ಇದನ್ನು ನನಗೆ ಹೇಳಲಿಲ್ಲ, ನನ್ನ ಹಿಂದೆ ನಿಂತಿದ್ದವಳಿಗೆ ಹೇಳಿದರು. ನನ್ನನ್ನು ಹೊಡೆದಿದ್ದರೆ ಚೆನ್ನಾಗಿತ್ತು.

"ನೀನು ಒಳಗೆ ಬಾರೇ" ಎಂದರು. ಇವಳು ನನ್ನನ್ನು ದಾಟಿಕೊಂಡು ಒಳಗೆ ಹೋದಳು.

"ಟೀಚರ್, ನಾನು..."

ಆಗ ನನ್ನ ಕಡೆ ತಿರುಗಿದರು. ಇಷ್ಟು ವರ್ಷವೂ ನನಗೆ ನೀನು, ಬಾರಪ್ಪ, ಹೋಗಪ್ಪ ಎಂದವರು.

"ಕಾಯಿರಿ" ಎಂದರು.

ಬಾಗಿಲು ಹಾಕಿಲ್ಲ. ಪೂರ್ತಿ ತೆರೆದೂ ಇಲ್ಲ, ಒಂದು ಕೈ ಹಿಡಿಸುವಷ್ಟು ಸಂದಿಯಿದೆ. ಒಳಗೆ ಕುರ್ಚಿ ಎಳೆದ ಸದ್ದಾಯಿತು, ಆಮೇಲೆ ಅಳು. ಯಾರದು ಎಂದು ತಿಳಿಯುತ್ತಿಲ್ಲ. ಮೆಟ್ಟಿಲ ಮೇಲೆ ಜನ ಹತ್ತುತ್ತಾರೆ, ಇಳಿಯುತ್ತಾರೆ, ನಾನು ಕಾಲು ಮಡಿಸಿ ದಾರಿ ಬಿಡುತ್ತೇನೆ. ಒಬ್ಬರು ಯಾರು ಬೇಕಿತ್ತು ಎಂದು ಕೇಳಿದರು. ಕಾಯುತ್ತಿದ್ದೇನೆ ಎಂದೆ.

ಇನ್ನೂ ಕರೆದಿಲ್ಲ. ಕೂತಿದ್ದೇನೆ.